ಗುಂಡಿಗೆ ಬಿದ್ದ ಕಾರು: ಸಸ್ಪೆನ್ಷನ್‌ಗೆ ಪೆಟ್ಟಾಗಿದೆಯೇ? ಮನೆಯಲ್ಲೇ ನೋಡಿ

ಮಳೆಗಾಲ ಮುಗಿಯುವ ಹೊತ್ತಿಗೆ ಬೆಂಗಳೂರಿನ ಗ್ಯಾರೇಜುಗಳಲ್ಲಿ ಕೇಳಿಬರುವ ದೂರು ಒಂದೇ: ‘ಮುಂದೆ ಟಕ್ ಟಕ್ ಅಂತಿದೆ, ಸ್ವಲ್ಪ ನೋಡಿ.’ ನೀರು ನಿಂತ ಗುಂಡಿಯ ಆಳ ಚಕ್ರ ಇಳಿದ ಮೇಲೇ ಗೊತ್ತಾಗುವುದು. ಹಂಪ್‌ಗಳೂ ಕಮ್ಮಿಯಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾನದಂಡದಂತೆ ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟುವ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು. ನಮ್ಮ ಅಡ್ಡರಸ್ತೆಗಳಲ್ಲಿ ಬಹಳ ಕಡೆ ಕಾಣುವುದು ಒಂದು ಮೊಳ ಅಗಲದ ಕಡಿದಾದ ದಿಬ್ಬ.

‘ಸಸ್ಪೆನ್ಷನ್ ಹೋಗಿದೆ’ ಎಂದಾಗ ಏನು ಹೋಗಿದೆ ಎಂದು ಕೇಳಲೇಬೇಕು. ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ಲೋಯರ್ ಆರ್ಮ್ (ಚಕ್ರವನ್ನು ಕಾರಿನ ಚೌಕಟ್ಟಿಗೆ ಸೇರಿಸುವ ಕೆಳಗಿನ ತೋಳು), ಅದರ ಬುಷ್ (ಕೀಲಿನ ರಬ್ಬರ್), ಬಾಲ್ ಜಾಯಿಂಟ್ (ತೋಳಿನ ಚಕ್ರದ ತುದಿಯ ಗುಂಡುಕೀಲು), ಲಿಂಕ್ ರಾಡ್ (ಎಡ-ಬಲವನ್ನು ಜೋಡಿಸುವ ಅಡ್ಡ ಸರಳನ್ನು ಸಸ್ಪೆನ್ಷನ್ನಿಗೆ ಸೇರಿಸುವ ಸಣ್ಣ ಕಡ್ಡಿ) ಎಲ್ಲವೂ ಅದರೊಳಗೇ ಬರುತ್ತವೆ. ಲಿಂಕ್ ರಾಡ್ ಬದಲಿಸಿದರೆ ಸಾಕಿದ್ದ ಕಾರಿಗೆ ಶಾಕ್ ಅಬ್ಸಾರ್ಬರ್ ಜೋಡಿಯನ್ನೇ ಹಾಕಿಸಿಕೊಂಡು ಬಂದವರಿದ್ದಾರೆ. ಯಾವ ಮೂಲೆ, ಎಂಥ ಸದ್ದು ಎಂದು ತಿಳಿದು ಹೋದರೆ ಆ ಖರ್ಚು ತಪ್ಪುತ್ತದೆ.

ನಿಂತ ಕಾರಿನಲ್ಲಿ

ಸಮತಟ್ಟಾದ ಜಾಗದಲ್ಲಿ ಸಾಮಾನು ಇಳಿಸಿ ನಿಲ್ಲಿಸಿ. ಚಕ್ರದ ನಡುಬಿಂದುವಿನಿಂದ ನೇರ ಮೇಲಿರುವ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದು ನಾಲ್ಕೂ ಕಡೆ ಅಳೆಯಿರಿ. ಎಡ-ಬಲದ ನಡುವೆ ಕೆಲವು ಮಿಲಿಮೀಟರ್ ವ್ಯತ್ಯಾಸ ಸಹಜ. ಒಂದೂವರೆ ಸೆಂ.ಮೀ. ದಾಟಿದರೆ ಆ ಕಡೆಯ ಸ್ಪ್ರಿಂಗ್ ಮೇಲೆ ಅನುಮಾನ ಪಡಿ.

ಈಗ ಸ್ಟಿಯರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ, ಎಂಜಿನ್ ಆಫ್ ಮಾಡಿ, ಟಾರ್ಚ್ ಹಾಕಿ ಚಕ್ರದ ಹಿಂದೆ ನೋಡಿ. ಸ್ಪ್ರಿಂಗ್ ಸಾಮಾನ್ಯವಾಗಿ ಕೆಳಗಿನ ಸುತ್ತಿನಲ್ಲಿ ಮುರಿಯುತ್ತದೆ, ಮಣ್ಣು ಮೆತ್ತಿದ್ದರೆ ಅದು ಕಣ್ಣಿಗೆ ಬೀಳುವುದಿಲ್ಲ. ಒರೆಸಿ ನೋಡಿ. ಶಾಕ್ ಅಬ್ಸಾರ್ಬರ್ ಮೇಲೆ ಧೂಳು ಅಂಟಿದ ತೆಳು ಪಸೆ ಇದ್ದರೆ ಹೆದರಬೇಕಿಲ್ಲ. ಎಣ್ಣೆ ಗೆರೆಯಾಗಿ ಕೆಳಗಿಳಿದಿದ್ದರೆ ಅದು ಸೋರಿಕೆ. ಮಳೆನೀರೋ ಎಣ್ಣೆಯೋ ಎಂಬ ಗೊಂದಲವಾದರೆ ಬಟ್ಟೆಯಿಂದ ಒರೆಸಿ, ನಾಲ್ಕು ದಿನ ಓಡಿಸಿ ಮತ್ತೆ ನೋಡಿ. ಬುಷ್‌ನ ರಬ್ಬರ್ ಬಿರಿದಿದೆಯೇ, ಬಾಲ್ ಜಾಯಿಂಟ್‌ನ ರಬ್ಬರ್ ಟೋಪಿ ಹರಿದು ಗ್ರೀಸ್ ಹೊರಬಂದಿದೆಯೇ ಎಂಬುದೂ ಇದೇ ಭಂಗಿಯಲ್ಲಿ ಕಾಣುತ್ತದೆ.

ಅಲ್ಲೇ ಲಿಂಕ್ ರಾಡನ್ನು ಕೈಯಿಂದ ಹಿಡಿದು ಜೋರಾಗಿ ಅಲುಗಿಸಿ. ‘ಕಟ್ ಕಟ್’ ಎಂದರೆ ಅದರ ಜಾಯಿಂಟ್ ಸವೆದಿದೆ. ಈ ಪರೀಕ್ಷೆಗೆ ನಾಲ್ಕೂ ಚಕ್ರ ನೆಲದ ಮೇಲಿರಲಿ. ಒಂದೇ ಕಡೆ ಎತ್ತಿದರೆ ರಾಡ್ ಬಿಗಿದುಕೊಂಡು ಸಡಿಲ ಗೊತ್ತಾಗುವುದಿಲ್ಲ.

ಕಾರಿನ ಮೂಲೆ ಒತ್ತಿ ಬಿಡುವ ಹಳೆಯ ಪರೀಕ್ಷೆ ಎಲ್ಲರಿಗೂ ಗೊತ್ತು. ಎದ್ದ ಕಾರು ಎರಡು-ಮೂರು ಬಾರಿ ತೂಗಾಡಿದರೆ ಶಾಕ್ ಅಬ್ಸಾರ್ಬರ್ ಮುಗಿದಿದೆ ಎಂದೇ ಅರ್ಥ. ಆದರೆ ತಕ್ಷಣ ನಿಂತರೆ ಚೆನ್ನಾಗಿದೆ ಎಂದು ನಂಬಬೇಡಿ. ಅರ್ಧ ಸತ್ತದ್ದೂ ಇದರಲ್ಲಿ ಪಾಸಾಗುತ್ತದೆ. ಅದಕ್ಕಿಂತ ಟೈರ್ ಮೇಲೆ ಅಂಗೈ ಸವರುವುದು ಮೇಲು: ಅಲ್ಲಲ್ಲಿ ತಗ್ಗು-ಉಬ್ಬು ಸಿಕ್ಕರೆ ಚಕ್ರ ನೆಲ ಬಿಟ್ಟು ಕುಣಿಯುತ್ತಿದೆ, ಒಳಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ (ಚಕ್ರಗಳ ಕೋನ) ತಪ್ಪಿದೆ ಅಥವಾ ಆರ್ಮ್ ಬಾಗಿದೆ.

ಕಿವಿಗೊಟ್ಟು

ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಇದಕ್ಕೆ ಒಳ್ಳೆಯ ಜಾಗ, ಗೋಡೆಗೆ ಬಡಿದ ಸದ್ದು ಸ್ಪಷ್ಟವಾಗಿ ವಾಪಸ್ ಬರುತ್ತದೆ. ಕಿಟಕಿ ಇಳಿಸಿ, ಎ.ಸಿ., ಹಾಡು ನಿಲ್ಲಿಸಿ, ರ‍್ಯಾಂಪಿನ ಬುಡದ ಕಬ್ಬಿಣದ ಜಾಲರಿ ಅಥವಾ ಸಣ್ಣ ಉಬ್ಬಿನ ಮೇಲೆ ಮೊದಲು ಎಡ ಚಕ್ರ ಮಾತ್ರ, ಆಮೇಲೆ ಬಲ ಚಕ್ರ ಮಾತ್ರ ನಿಧಾನ ಹತ್ತಿಸಿ. ಸಣ್ಣ ಉಬ್ಬಿಗೂ ಟಕ್ ಟಕ್ ಎಂದರೆ ಹೆಚ್ಚಾಗಿ ಲಿಂಕ್ ರಾಡ್. ಕಿರ್ರ್ ಎಂದರೆ ಒಣಗಿದ ಬುಷ್. ಬ್ರೇಕ್ ಒತ್ತಿದಾಗ ಒಂದೇ ಸಲ ‘ದಡ್’ ಎಂದರೆ ಲೋಯರ್ ಆರ್ಮ್ ಬುಷ್. ನಿಂತಲ್ಲೇ ಸ್ಟಿಯರಿಂಗ್ ತಿರುಗಿಸುವಾಗ ಸ್ಪ್ರಿಂಗ್ ‘ಟಂಗ್’ ಎಂದು ಹಾರಿದಂತಾದರೆ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಕೂಡಿದ ಜೋಡಣೆ) ಮೇಲ್ತುದಿಯ ಮೌಂಟ್ ನೋಡಿಸಿ.

ಕೊನೆಗೆ ಜಾಕಿ

ಹ್ಯಾಂಡ್‌ಬ್ರೇಕ್ ಎಳೆದು, ಗೇರ್‌ನಲ್ಲಿಟ್ಟು (ಆಟೊಮ್ಯಾಟಿಕ್ ಆದರೆ ಪಾರ್ಕ್‌ನಲ್ಲಿ), ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು ಮುಂದಿನ ಒಂದು ಚಕ್ರ ಎತ್ತಿ. ಸ್ಟೆಪ್ನಿಯನ್ನು ಬಾಗಿಲ ಕೆಳಗಿನ ಅಂಚಿನಡಿ ಮಲಗಿಸಿಡಿ, ಜಾಕಿ ಜಾರಿದರೆ ಕಾರು ಅದರ ಮೇಲೆ ಕೂರುತ್ತದೆ. ಯಾವ ಕಾರಣಕ್ಕೂ ಕಾರಿನಡಿ ತಲೆ ಹಾಕಬೇಡಿ.

ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ. ಆಟ (ಸಡಿಲ) ಸಿಕ್ಕರೆ ಮನೆಯವರಿಗೆ ಬ್ರೇಕ್ ಒತ್ತಲು ಹೇಳಿ. ಆಟ ನಿಂತರೆ ವೀಲ್ ಬೇರಿಂಗ್, ಆಗಲೂ ಉಳಿದರೆ ಬಾಲ್ ಜಾಯಿಂಟ್. ಎಡ-ಬಲ ಹಿಡಿದಾಗ ಮಾತ್ರ ಆಡಿದರೆ ಟೈ ರಾಡ್ (ಸ್ಟಿಯರಿಂಗನ್ನು ಚಕ್ರಕ್ಕೆ ಜೋಡಿಸುವ ಕಡ್ಡಿ) ತುದಿ. ಸಡಿಲವಾದ ಬಾಲ್ ಜಾಯಿಂಟ್ ಅಥವಾ ಮುರಿದ ಸ್ಪ್ರಿಂಗ್ ಕಂಡರೆ ಕಾರನ್ನು ಓಡಿಸಬೇಡಿ, ಟೋ ಮಾಡಿಸಿ. ಬಾಲ್ ಜಾಯಿಂಟ್ ಕಳಚಿದರೆ ಚಕ್ರವೇ ಓರೆಯಾಗಿ ಬೀಳುತ್ತದೆ, ರಿಂಗ್ ರೋಡಿನ ವೇಗದಲ್ಲಿ ಅದು ಪ್ರಾಣಕ್ಕೇ ಸಂಚಕಾರ. ಸ್ಟ್ರಟ್‌ನ ಮೇಲಿನ ನಟ್ಟನ್ನು ಮನೆಯಲ್ಲಿ ಸಡಿಲಿಸಲೇಬೇಡಿ, ಒತ್ತಿಟ್ಟ ಸ್ಪ್ರಿಂಗ್ ಸಿಡಿಯುತ್ತದೆ.

ಮೆಕ್ಯಾನಿಕ್ ಬಳಿ

‘ಮುಂದಿನ ಎಡಗಡೆ, ಸಣ್ಣ ಉಬ್ಬಿಗೆ ಟಕ್ ಟಕ್, ಲಿಂಕ್ ರಾಡ್ ಅಲ್ಲಾಡುತ್ತೆ’ ಎಂದು ಹೇಳಿ, ಜೊತೆಗೇ ನಿಂತು ತೋರಿಸಿಕೊಳ್ಳಿ. ಬಿಡಿಭಾಗವನ್ನು ನೀವೇ ಜೆ.ಸಿ. ರಸ್ತೆಯಲ್ಲಿ ಕೊಳ್ಳುವುದಾದರೆ ಮಾಡೆಲ್, ವರ್ಷದ ಜೊತೆ ಎಡವೋ ಬಲವೋ ತಿಳಿಸಿ, ಲೋಯರ್ ಆರ್ಮ್ ಎರಡೂ ಕಡೆಗೆ ಒಂದೇ ಅಲ್ಲ. ಶಾಕ್ ಅಬ್ಸಾರ್ಬರನ್ನು ಜೋಡಿಯಾಗಿಯೇ ಬದಲಿಸಿ. ಸ್ಟ್ರಟ್, ಆರ್ಮ್, ಟೈ ರಾಡ್ ಯಾವುದನ್ನು ಬಿಚ್ಚಿದ್ದರೂ ಅಂದೇ ವೀಲ್ ಅಲೈನ್‌ಮೆಂಟ್ ಮಾಡಿಸಿ. ಇಲ್ಲದಿದ್ದರೆ ರಿಪೇರಿಯಲ್ಲಿ ಉಳಿಸಿದ ಹಣ ಟೈರಿಗೆ ಹೋಗುತ್ತದೆ.