ವರ್ಚಸ್ಸನ್ನು ಬಿಡಿಸಿ ನೋಡಿ ಕಲಿಯುವುದು

ವರ್ಚಸ್ಸು ಹುಟ್ಟಿನಿಂದಲೇ ಬರಬೇಕು ಅನ್ನುವ ಮಾತಿಗೆ ಇತಿಹಾಸದಲ್ಲಿ ಅಷ್ಟೇನೂ ಆಧಾರವಿಲ್ಲ. ಚರ್ಚಿಲ್ 1904ರಲ್ಲಿ ಸಂಸತ್ತಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದ ಭಾಷಣವನ್ನು ನಡುವೆ ಮರೆತು, ಮುಂದೇನೂ ತೋಚದೆ ಕುಳಿತುಬಿಟ್ಟರು. ಗಾಂಧಿ ಬೊಂಬಾಯಿಯ ಕೋರ್ಟಿನಲ್ಲಿ ತಮ್ಮ ಮೊದಲ ಮೊಕದ್ದಮೆಗೆ ಎದ್ದು ನಿಂತಾಗ ಸಾಕ್ಷಿಗೆ ಕೇಳಲು ಒಂದು ಪ್ರಶ್ನೆಯೂ ಬಾಯಿಗೆ ಬರಲಿಲ್ಲ. ಮುಂದೆ ಇವರಲ್ಲಿ ಜನ ಕಂಡದ್ದು ರೂಢಿಯಿಂದ ಬಂದ ಕಸುಬು. ಆ ಕಸುಬನ್ನು ಎಳೆ ಎಳೆಯಾಗಿ ಬಿಡಿಸಿ ಕಲಿಯಬಹುದು.

ಮೊದಲು ಓದುವ ಬಗೆ

ಇಡೀ ಜೀವನಚರಿತ್ರೆ ಹಿಡಿದು ಕೂತರೆ ಭಕ್ತಿ ಬರುತ್ತದೆ, ಪಾಠ ಬರುವುದಿಲ್ಲ. ಒಬ್ಬ ವ್ಯಕ್ತಿ, ಒಂದು ದಿನ, ಒಂದು ಪುಟ ಸಾಕು. ಆ ಪುಟದಲ್ಲಿ ನಾಲ್ಕು ವಿಷಯ ಬರೆದುಕೊಳ್ಳಿ: ಎದುರಿಗಿದ್ದವರು ಯಾರು, ಅವರ ಮನಸ್ಸಿನಲ್ಲಿದ್ದ ಭಯ ಅಥವಾ ಆಸೆ ಯಾವುದು, ಈ ವ್ಯಕ್ತಿ ಕಣ್ಣಿಗೆ ಕಾಣುವಂತೆ ಮಾಡಿದ್ದೇನು, ಅದರಿಂದ ಆ ವ್ಯಕ್ತಿಗೇ ಆಗಬಹುದಾಗಿದ್ದ ನಷ್ಟವೇನು. ನಾಲ್ಕನೆಯದು ಖಾಲಿ ಉಳಿದರೆ ನೀವು ಓದುತ್ತಿರುವುದು ಬರೀ ಪ್ರಚಾರ.

ಧಾರ್ಮಿಕ ವ್ಯಕ್ತಿಗಳ ಕಥೆಗಳನ್ನು ಬಹುಮಟ್ಟಿಗೆ ಭಕ್ತರೇ, ತುಂಬ ಕಾಲದ ಮೇಲೆ ಬರೆದಿರುತ್ತಾರೆ. ಪವಾಡದ ಭಾಗ ಪಕ್ಕಕ್ಕಿಟ್ಟು, ಅವರು ಜನರೊಂದಿಗೆ ನಡೆದುಕೊಂಡ ಬಗೆಯನ್ನು ಮಾತ್ರ ನೋಡಿ. ಮಗುವನ್ನು ಕಳೆದುಕೊಂಡ ಕಿಸಾಗೋತಮಿಗೆ ಬುದ್ಧ ಉಪದೇಶ ಮಾಡಲಿಲ್ಲ. ಸಾವು ಕಾಣದ ಮನೆಯಿಂದ ಸಾಸಿವೆ ತರಲು ಕಳುಹಿಸಿದ. ಉತ್ತರ ಅವಳಿಗೆ ಮನೆಮನೆ ಸುತ್ತುವಾಗಲೇ ಸಿಕ್ಕಿತು. ನಿಮ್ಮ ಬಳಿ ದೂರು ತಂದವರಿಗೂ ಹೀಗೆ ಒಂದು ಸಣ್ಣ ಕೆಲಸ ಒಪ್ಪಿಸಿ ನೋಡಿ. ಆದರೆ ಅದಕ್ಕೂ ಮೊದಲು ಅವರ ಮಾತನ್ನು ಪೂರ್ತಿ ಕೇಳಿರಬೇಕು, ಇಲ್ಲದಿದ್ದರೆ ಸಾಗಹಾಕಿದಂತೆ ಕಾಣುತ್ತದೆ.

ಮಾತು

ಇಲ್ಲಿ ಹೆಚ್ಚು ಸಮಯ ಕೊಡಿ. 1863ರ ನವೆಂಬರ್ 19ರಂದು ಅಮೆರಿಕದ ಗೆಟಿಸ್‌ಬರ್ಗ್‌ನಲ್ಲಿ, ಅಂತರ್ಯುದ್ಧದಲ್ಲಿ ಸತ್ತ ಸೈನಿಕರ ಸ್ಮಶಾನದ ಸಮರ್ಪಣೆಯಂದು, ಹೆಸರಾಂತ ಭಾಷಣಕಾರ ಎಡ್ವರ್ಡ್ ಎವರೆಟ್ ಸುಮಾರು ಎರಡು ಗಂಟೆ ಮಾತಾಡಿದರು. ಆಮೇಲೆ ಎದ್ದ ಅಧ್ಯಕ್ಷ ಲಿಂಕನ್ ಮುಗಿಸಿದ್ದು ಸುಮಾರು 270 ಪದಗಳಲ್ಲಿ, ಎರಡು ಮೂರು ನಿಮಿಷದಲ್ಲಿ. ಕನ್ನಡದಲ್ಲಿ ಪದಗಳು ಒಂದಕ್ಕೊಂದು ಅಂಟಿಕೊಳ್ಳುವುದರಿಂದ ಎರಡು ನಿಮಿಷಕ್ಕೆ 180 ಪದ ಧಾರಾಳ.

ಹೇಳಬೇಕಾದದ್ದನ್ನೆಲ್ಲ ಮೊದಲು ಬರೆಯಿರಿ. ಕೇಳುವವರ ಬದುಕಿಗೆ ತಾಗದ ವಾಕ್ಯಗಳನ್ನು ಹೊಡೆದುಹಾಕಿ. ‘ಈ ಸಂದರ್ಭದಲ್ಲಿ ನಾನು ಹೇಳಬಯಸುವುದೇನೆಂದರೆ’ ಎಂಬ ಜಾತಿಯವು ಮೊದಲು ಹೋಗಲಿ. 180 ಪದಕ್ಕೆ ಇಳಿದ ಮೇಲೆ ಒಂದು ಉಸಿರಿಗೆ ಒಂದು ಸಾಲಿನಂತೆ, ಪದ್ಯದ ಹಾಗೆ ಒಡೆದು ಬರೆಯಿರಿ. 1904ರ ಪೆಟ್ಟಿನ ನಂತರ ಚರ್ಚಿಲ್ ಹೀಗೆ ಸಾಲು ಒಡೆದ ಟಿಪ್ಪಣಿ ಕೈಯಲ್ಲಿ ಹಿಡಿದೇ ಮಾತಾಡುತ್ತಿದ್ದರು. ಬಾಯಿಪಾಠದ ತೊಂದರೆ ಇದೇ: ಒಂದು ಪದ ಜಾರಿದರೆ ಇಡೀ ಸರಪಳಿ ಕಳಚುತ್ತದೆ. ಸಾಲು ಕಣ್ಣೆದುರಿಗಿದ್ದರೆ ಮುಂದಿನ ಸಾಲಿನಿಂದ ಮತ್ತೆ ಹಿಡಿಯಬಹುದು. ಫೋನಿನಲ್ಲಿ ರೆಕಾರ್ಡ್ ಮಾಡಿ, ಒಂದು ದಿನ ಬಿಟ್ಟು ಕೇಳಿ. ಬಹುತೇಕರಿಗೆ ಕಾಣುವ ದೋಷ ಅವಸರ. ಮುಖ್ಯ ಸಾಲಿನ ನಂತರ ಮನಸ್ಸಿನಲ್ಲೇ ಮೂರು ಎಣಿಸಿ. ಹೇಳುವವರಿಗೆ ಅದು ಯುಗದಂತೆ ಅನಿಸುತ್ತದೆ, ಕೇಳುವವರಿಗೆ ಮಾತು ಇಳಿಯಲು ಅಷ್ಟು ಬೇಕು.

1963ರ ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹೇಳಿದ ‘ನನಗೊಂದು ಕನಸಿದೆ’ ಎಂಬ ಭಾಗ ಸಿದ್ಧಪಡಿಸಿದ ಪ್ರತಿಯಲ್ಲಿ ಇರಲಿಲ್ಲ. ಹಾಗಂತ ಅದು ಆ ಕ್ಷಣಕ್ಕೆ ಹೊಳೆದದ್ದೂ ಅಲ್ಲ. ಅದೇ ವರ್ಷದ ಜೂನ್‌ನಲ್ಲಿ ಡೆಟ್ರಾಯಿಟ್‌ನಲ್ಲಿ ಆ ಭಾಗವನ್ನು ಹೇಳಿ ಪಳಗಿಸಿದ್ದರು. ನೀವೂ ಹತ್ತು ಸಲವಾದರೂ ಹೇಳಿ ನೋಡಿದ ಎರಡು ಮೂರು ತುಣುಕು ಇಟ್ಟುಕೊಳ್ಳಿ. ಮರುಕಳಿಸುವ ಸಾಲು ಬಳಸುವುದಾದರೆ ಪ್ರತಿ ಸಲವೂ ಅದರ ಬೆನ್ನಿಗೆ ಹೊಸ ಚಿತ್ರ ಬರಬೇಕು. ಬರೀ ಸಾಲನ್ನೇ ತಿರುಗಿಸಿದರೆ ಘೋಷಣೆ ಕೂಗಿದಂತಾಗುತ್ತದೆ.

ಕಣ್ಣಿಗೆ ಕಾಣುವ ಕೆಲಸ

1930ರ ಮಾರ್ಚ್ 12ರಂದು ಸಾಬರಮತಿಯಿಂದ 78 ಜನರೊಂದಿಗೆ ಹೊರಟ ಗಾಂಧಿ, ಸುಮಾರು 385 ಕಿಲೋಮೀಟರ್ ನಡೆದು ಏಪ್ರಿಲ್ 6ರಂದು ದಂಡಿಯಲ್ಲಿ ಉಪ್ಪು ಎತ್ತಿಕೊಂಡರು. ಹೋರಾಟಕ್ಕೆ ಉಪ್ಪನ್ನು ಆರಿಸಿಕೊಂಡಾಗ ನಕ್ಕವರಿದ್ದರು. ಆದರೆ ಅದು ಎಲ್ಲರ ಅಡುಗೆಮನೆಯಲ್ಲೂ ಇತ್ತು, ಅದರ ಮೇಲಿನ ತೆರಿಗೆ ಬಡವನನ್ನೂ ಮುಟ್ಟುತ್ತಿತ್ತು, ಕಾನೂನು ಮುರಿಯಲು ಯಾವ ಸಲಕರಣೆಯೂ ಬೇಕಿರಲಿಲ್ಲ, ಸಮುದ್ರತೀರದ ಯಾರು ಬೇಕಾದರೂ ಮರುದಿನ ಅದನ್ನೇ ಮಾಡಬಹುದಿತ್ತು. ವೈಸರಾಯ್ ಇರ್ವಿನ್‌ಗೆ ಮಾರ್ಚ್ 2ರಂದೇ ಪತ್ರ ಬರೆದು ತಿಳಿಸಿದ್ದರಿಂದ ಕದ್ದುಮುಚ್ಚಿ ಮಾಡಿದ ಕೆಲಸವೆಂಬ ಆರೋಪಕ್ಕೂ ಎಡೆಯಿರಲಿಲ್ಲ.

ನಿಮ್ಮ ತಂಡಕ್ಕೆ ಬೇಕಾದ ಸಂಕೇತವನ್ನೂ ಇದೇ ಒರೆಗೆ ಹಚ್ಚಿ: ಎಲ್ಲರಿಗೂ ಗೊತ್ತಿದೆಯೇ, ಎಲ್ಲರಿಗೂ ತಾಗುತ್ತದೆಯೇ, ಬೇರೆಯವರೂ ಮಾಡಬಲ್ಲರೇ, ಮೊದಲು ನೀವು ಮಾಡುತ್ತೀರಾ? ಹೆಚ್ಚಾಗಿ ಎಡವುವುದು ಕೊನೆಯದರಲ್ಲೇ. ಖರ್ಚು ತಗ್ಗಿಸಿ ಎನ್ನುವವರ ಸ್ವಂತ ಖರ್ಚನ್ನೇ ಜನ ಮೊದಲು ನೋಡುವುದು.

ತಪ್ಪೊಪ್ಪಿಗೆ

ಕಳಿಂಗ ಯುದ್ಧದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನ ಸೆರೆಹೋದರು ಎಂದು ಅಶೋಕ ತನ್ನ 13ನೇ ಬಂಡೆ ಶಾಸನದಲ್ಲಿ ಲೆಕ್ಕ ಕೊಟ್ಟು ಪಶ್ಚಾತ್ತಾಪ ಹೇಳಿಕೊಂಡಿದ್ದಾನೆ. ಅಂಕಿ ಸಮೇತ ಒಪ್ಪಿಕೊಂಡದ್ದರಲ್ಲೇ ಅದರ ತೂಕವಿದೆ. ಸೋಜಿಗವೆಂದರೆ ಕಳಿಂಗದಲ್ಲೇ ಇರುವ ಧೌಲಿ ಮತ್ತು ಜೌಗಡದ ಬಂಡೆಗಳಲ್ಲಿ ಈ ಶಾಸನವಿಲ್ಲ. ಕಾರಣ ಏನೇ ಇರಲಿ, ನಿಮ್ಮ ಕ್ಷಮೆ ಮೊದಲು ತಲುಪಬೇಕಾದದ್ದು ನೊಂದವರಿಗೆ. ಆಗಿದ್ದೇನು, ಎಷ್ಟು, ಇನ್ನು ಮುಂದೆ ಏನು ಬದಲಾಗುತ್ತದೆ: ಮೂರೇ ವಾಕ್ಯ. ‘ಯಾರಿಗಾದರೂ ನೋವಾಗಿದ್ದರೆ’ ಎಂದು ಸೇರಿಸಿದಿರೋ, ಹೇಳಿದ್ದೆಲ್ಲ ನೀರಿನಲ್ಲಿ ಹೋಮ.

ಎಲ್ಲಿ ಕೆಡುತ್ತದೆ

ಇದೇ ಉಪಾಯಗಳು ಕೆಟ್ಟ ಕೈಯಲ್ಲೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತವೆ. ಬಿಳಿಯರನ್ನೂ ಕರಿಯರನ್ನೂ ಒಂದೇ ಚರ್ಚಿನಲ್ಲಿ ಕೂರಿಸಿ ಹೆಸರಾದ ಅಮೆರಿಕದ ಪಾದ್ರಿ ಜಿಮ್ ಜೋನ್ಸ್‌ನನ್ನು ನಂಬಿ ದಕ್ಷಿಣ ಅಮೆರಿಕದ ಗಯಾನಾಕ್ಕೆ ಹೋದವರಲ್ಲಿ 900ಕ್ಕೂ ಹೆಚ್ಚು ಜನ 1978ರ ನವೆಂಬರ್ 18ರಂದು ಅವನ ಆಜ್ಞೆಯಂತೆ ಕೊಟ್ಟ ವಿಷದಿಂದ ಸತ್ತರು. ಅಲ್ಲಿ ಎದುರಾಡುವವರಿಗೂ ಬಿಟ್ಟುಹೋಗುವವರಿಗೂ ದಾರಿಯಿರಲಿಲ್ಲ. ಇದಕ್ಕೆ ತದ್ವಿರುದ್ಧ ಬಸವಣ್ಣ: ಬಿಜ್ಜಳನ ಭಂಡಾರಿಯಾಗಿ ಅಧಿಕಾರವಿದ್ದವನು. ಆದರೂ ಅನುಭವ ಮಂಟಪದ ಅಧ್ಯಕ್ಷ ಪೀಠವಾದ ಶೂನ್ಯ ಸಿಂಹಾಸನದಲ್ಲಿ ಕೂತದ್ದು ಅಲ್ಲಮ ಎನ್ನುತ್ತದೆ ಶರಣ ಪರಂಪರೆ.

ಆದ್ದರಿಂದ ತಿಂಗಳಿಗೊಮ್ಮೆ ಲೆಕ್ಕ ಹಾಕಿ. ಎಲ್ಲರ ಎದುರು ನಿಮ್ಮ ಮಾತನ್ನು ಎಷ್ಟು ಜನ ಅಲ್ಲಗಳೆದರು? ಹಣದ ಲೆಕ್ಕವನ್ನು ನಿಮ್ಮನ್ನು ಬಿಟ್ಟು ಇನ್ನಾರು ನೋಡಿದರು? ತಂಡ ಬಿಟ್ಟವರು ಎದುರು ಸಿಕ್ಕರೆ ಮಾತಾಡಿಸುತ್ತಾರಾ? ಮೂರಕ್ಕೂ ಉತ್ತರ ಸೊನ್ನೆಯಾದರೆ ಭಾಷಣದ ಅಭ್ಯಾಸ ಸದ್ಯಕ್ಕೆ ಬಿಡಿ. ಮುಂದಿನ ಸಭೆ ನಡೆಸಲು ಬೇರೊಬ್ಬರನ್ನು ಕೂರಿಸಿ, ನೀವು ಕೊನೆಯ ಸಾಲಿನಲ್ಲಿ ಕೂತು ಟಿಪ್ಪಣಿ ಬರೆದುಕೊಳ್ಳಿ.