ಮಕ್ಕಳನ್ನು ಕಟ್ಟಿಕೊಂಡು ಸಿಂಗಾಪುರದ ಬಸ್ಸು, ರೈಲು: ನನ್ನ ಅನುಭವ

ಆರು ದಿನಗಳ ಸಿಂಗಾಪುರ ಪ್ರವಾಸದಲ್ಲಿ ನಾವು ನಾಲ್ವರು ಊರೊಳಗಿನ ಓಡಾಟಕ್ಕೆ ಮಾಡಿದ ಖರ್ಚು ಸುಮಾರು 165 ಸಿಂಗಾಪುರ ಡಾಲರ್, ಅಂದರೆ ಹತ್ತು-ಹನ್ನೊಂದು ಸಾವಿರ ರೂಪಾಯಿ. ಕಾರ್ಡುಗಳ ಬೆಲೆ, ಒಂದು ದೋಣಿ ಪ್ರಯಾಣ ಮತ್ತು ಒಂದೇ ಒಂದು ಟ್ಯಾಕ್ಸಿ ಇದರಲ್ಲಿ ಸೇರಿವೆ. ಹೊರಡುವ ಮೊದಲು ವಿಚಾರಿಸಿದಾಗ ಟ್ರಾವೆಲ್ಸಿನವರೊಬ್ಬರು ಬರಿಯ ವ್ಯಾನಿಗೇ ಮೂವತ್ತೆಂಟು ಸಾವಿರ ಹೇಳಿದ್ದರು. ಎಂಟು ವರ್ಷದ ಮಗಳು ಮತ್ತು ಮೂರೂವರೆ ವರ್ಷದ ಮಗನನ್ನು ಕರೆದುಕೊಂಡು ಲೋಕಲ್ ಬಸ್ಸಿನಲ್ಲಿ ತಿರುಗುತ್ತೇನೆ ಎಂದಾಗ ಶಿರಸಿಯ ಭಾವ ನಕ್ಕು, "ಎರಡನೇ ದಿನವೇ ಟ್ಯಾಕ್ಸಿ ಮಾಡ್ತೆ ನೋಡು" ಎಂದಿದ್ದರು. ದೇವಿಮನೆ ಘಟ್ಟದಲ್ಲಿ ಪ್ರತಿ ಸಲ ವಾಂತಿ ಮಾಡಿಕೊಳ್ಳುವ ನನ್ನ ಮಗನನ್ನು ಅವರು ಕಣ್ಣಾರೆ ಕಂಡವರಾದ್ದರಿಂದ ಆ ಮಾತಿಗೆ ಆಧಾರವಿಲ್ಲವೆಂದು ಹೇಳುವಂತಿರಲಿಲ್ಲ.

ಮೊದಲನೆಯ ತಪ್ಪನ್ನು ವಿಮಾನ ಇಳಿದ ಅರ್ಧ ಗಂಟೆಯಲ್ಲಿಯೇ ಮಾಡಿದೆವು. ಚಾಂಗಿ ವಿಮಾನ ನಿಲ್ದಾಣದ ಕೆಳಗೇ ಎಂಆರ್‌ಟಿ, ಅಂದರೆ ಅಲ್ಲಿಯ ಮೆಟ್ರೊ ರೈಲಿನ ಸ್ಟೇಷನ್ ಇದೆ. ಎಕ್ಸ್‌ಪೋ ಸ್ಟೇಷನ್ನಿನಲ್ಲಿ ಒಮ್ಮೆ ರೈಲು ಬದಲಿಸಿದರೆ ಡೌನ್‌ಟೌನ್ ಲೈನು ನೇರವಾಗಿ ನಾವು ಇಳಿದುಕೊಂಡಿದ್ದ ಲಿಟಲ್ ಇಂಡಿಯಾಕ್ಕೆ ಒಯ್ಯುತ್ತದೆ. ಬೇರೆ ಕಾರ್ಡೇಕೆ ಎಂದು ಇಲ್ಲಿಂದ ಒಯ್ದ ಬ್ಯಾಂಕ್ ಕಾರ್ಡುಗಳನ್ನೇ ಗೇಟಿಗೆ ತಟ್ಟಿದೆವು. ವಿದೇಶಿ ಬ್ಯಾಂಕಿನ ಕಾರ್ಡಿಗೆ ದಿನಕ್ಕೆ ಅರವತ್ತು ಸೆಂಟ್ ಹೆಚ್ಚುವರಿ ಶುಲ್ಕವಿದೆ, ಅದರ ಮೇಲೆ ನಮ್ಮ ಬ್ಯಾಂಕಿನ ವಿನಿಮಯ ಶುಲ್ಕ ಬೇರೆ. ಅದನ್ನಾದರೂ ಸಹಿಸಬಹುದಿತ್ತು. ಆದರೆ ನಮ್ಮ ಯಜಮಾನರು ಪರ್ಸನ್ನೇ ಇಡಿಯಾಗಿ ತಟ್ಟಿದ್ದರಿಂದ ಒಳಗೆ ಹೋಗುವಾಗ ಒಂದು ಕಾರ್ಡು, ಹೊರಬರುವಾಗ ಇನ್ನೊಂದು ಕಾರ್ಡು ಓದಿಕೊಂಡು, ಒಂದೇ ಪ್ರಯಾಣವನ್ನು ಯಂತ್ರವು ಎರಡು ಅರ್ಧ ಪ್ರಯಾಣಗಳೆಂದು ಲೆಕ್ಕ ಹಿಡಿಯಿತು. ಅಂದೇ ಸಂಜೆ ಮೂವರಿಗೆ ಮೂರು ಈಜಿ-ಲಿಂಕ್ ಕಾರ್ಡು, ಅಂದರೆ ಮೊದಲೇ ದುಡ್ಡು ತುಂಬಿಸಿ ಬಸ್ಸು, ರೈಲು ಎರಡರಲ್ಲೂ ಬಳಸುವ ಕಾರ್ಡು ಕೊಂಡೆವು. ಒಂದಕ್ಕೆ ಹತ್ತು ಡಾಲರ್. ಅದರಲ್ಲಿ ಐದು ಡಾಲರ್ ಕಾರ್ಡಿನ ಬೆಲೆ, ಅದು ಮರಳಿ ಬರುವುದಿಲ್ಲ.

ಮಕ್ಕಳ ದರದ ವಿಷಯ ಹಲವರಿಗೆ ಗೊಂದಲವಿರುವುದರಿಂದ ಸ್ವಲ್ಪ ವಿವರಿಸುತ್ತೇನೆ. 90 ಸೆಂಟಿಮೀಟರಿಗಿಂತ ಕುಳ್ಳಗಿರುವ ಮಗು ದೊಡ್ಡವರ ಜೊತೆಗಿದ್ದರೆ ಉಚಿತ. ಕುಮಟೆಯ ಮನೆಯ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಅಳೆದಾಗ ನನ್ನ ಮಗ ಆ ಗೆರೆಯನ್ನು ದಾಟಿದ್ದ. ಆದರೂ ಏಳು ವರ್ಷದೊಳಗಿನ ಮಗುವಿಗೆ ಟಿಕೆಟ್ ಕಚೇರಿಯಲ್ಲಿ ಪಾಸ್‌ಪೋರ್ಟ್ ತೋರಿಸಿದರೆ ಉಚಿತ ಪ್ರಯಾಣದ ಕಾರ್ಡು ಕೊಡುತ್ತಾರೆ. ಈ ಕಚೇರಿ ಎಲ್ಲ ಸ್ಟೇಷನ್ನಿನಲ್ಲಿ ಇಲ್ಲವೆಂಬುದಷ್ಟೇ ತೊಡಕು. ಎಂಟು ವರ್ಷದ ಮಗಳಿಗೆ ಮಾತ್ರ ಯಾವ ರಿಯಾಯಿತಿಯೂ ಇಲ್ಲ, ದೊಡ್ಡವರ ಪೂರ್ತಿ ದರ. ಅಷ್ಟು ಕೊಟ್ಟರೂ ಒಂದು ಸಲಕ್ಕೆ ಒಂದೂಕಾಲು ಡಾಲರಿನಿಂದ ಎರಡೂವರೆ ಡಾಲರಿನ ಒಳಗೇ ಮುಗಿಯುತ್ತಿತ್ತು. ಎಷ್ಟು ಬೇಕಾದರೂ ಓಡಾಡಬಹುದಾದ ಪ್ರವಾಸಿ ಪಾಸನ್ನು ನಾವು ಕೊಳ್ಳಲಿಲ್ಲ. ದಿನಕ್ಕೆ ಬಹಳ ಸಲ ಹತ್ತಿ ಇಳಿದರೆ ಮಾತ್ರ ಅದು ಗಿಟ್ಟುತ್ತದೆ, ಸಣ್ಣ ಮಕ್ಕಳಿರುವವರಿಗೆ ನಾಲ್ಕು ಸಲ ಆಗುವುದೇ ಹೆಚ್ಚು.

ಎರಡನೇ ದಿನ ಭಾವನ ಮಾತು ನಿಜವಾಯಿತು. ಮೃಗಾಲಯಕ್ಕೆಂದು ಲಿಟಲ್ ಇಂಡಿಯಾದಿಂದ ಧೋಬಿ ಘಾಟ್, ಅಲ್ಲಿ ಬದಲಿಸಿ ಆಂಗ್ ಮೊ ಕಿಯೊ, ಅಲ್ಲಿಂದ 138ನೇ ನಂಬರಿನ ಬಸ್ಸು ಹಿಡಿದೆವು. ಹೋಗುವಾಗ ಎಲ್ಲವೂ ಸುಸೂತ್ರವಾಗಿತ್ತು, "ಧೋಬಿ ಘಾಟ್" ಎಂಬ ಹೆಸರಿಗೆ ಮಕ್ಕಳು ನಗುತ್ತಲೇ ಇದ್ದರು. ಬರುವಾಗ ನಿದ್ದೆಗಣ್ಣಿನ ಮಗನನ್ನು ಎತ್ತಿಕೊಂಡು ಬಸ್ಸಿನಿಂದ ಇಳಿಯುವ ಅವಸರದಲ್ಲಿ ಕಾರ್ಡು ತಟ್ಟುವುದನ್ನು ಮರೆತೆ. ಹಾಗೆ ಮರೆತವರಿಗೆ ಆ ಬಸ್ಸಿನ ಕೊನೆಯ ನಿಲ್ದಾಣದವರೆಗಿನ ದರ ಬೀಳುತ್ತದೆ. ನಂತರ ಸಂಜೆ ಆರು ಗಂಟೆಗೆ, ಕಚೇರಿ ಬಿಡುವ ಹೊತ್ತಿಗೆ ಸರಿಯಾಗಿ, ಧೋಬಿ ಘಾಟಿನಲ್ಲಿ ಲೈನು ಬದಲಿಸಲು ಹೋದೆವು. ಅಲ್ಲಿ ಒಂದು ಪ್ಲಾಟ್‌ಫಾರ್ಮಿನಿಂದ ಇನ್ನೊಂದಕ್ಕೆ ನಡೆಯುವುದೆಂದರೆ ತೇರು ಎಳೆಯುವ ದಿನ ರಥಬೀದಿಯಲ್ಲಿ ಎದುರು ದಿಕ್ಕಿಗೆ ನಡೆದಂತೆ. ಮಗ ನೆಲದ ಮೇಲೆ ಮಲಗಿಯೇ ಬಿಟ್ಟ. ಸೋತು ಹೊರಗೆ ಬಂದು ಮೊಬೈಲಿನಲ್ಲಿ ಕಾರು ಕರೆದರೆ ಬಂದ ಇಬ್ಬರೂ ಚಾಲಕರು ಮಕ್ಕಳನ್ನು ನೋಡಿ ಹತ್ತಿಸಿಕೊಳ್ಳದೆ ಹೊರಟುಹೋದರು. ಅವರನ್ನು ಬೈದುಕೊಂಡದ್ದು ನನ್ನ ಅಜ್ಞಾನವೆಂದು ಆಮೇಲೆ ತಿಳಿಯಿತು. ಆ ದೇಶದಲ್ಲಿ 1.35 ಮೀಟರಿಗಿಂತ ಎತ್ತರ ಕಡಿಮೆಯಿರುವವರಿಗೆ ಕಾರಿನಲ್ಲಿ ಮಕ್ಕಳ ಸೀಟು ಕಡ್ಡಾಯ. ಟ್ಯಾಕ್ಸಿಗೆ ವಿನಾಯಿತಿಯಿದೆ, ಆಪ್‌ನಲ್ಲಿ ಕರೆಯುವ ಖಾಸಗಿ ಕಾರಿಗೆ ಇಲ್ಲ. ಕೊನೆಗೆ ಟ್ಯಾಕ್ಸಿಗೆ ಹದಿನಾಲ್ಕು ಡಾಲರಿನಷ್ಟು ತೆತ್ತು ಮನೆ ಸೇರಿದೆವು.

ಆ ರಾತ್ರಿ ಕುಳಿತು ಲೆಕ್ಕ ಹಾಕಿದಾಗ ತೊಂದರೆ ಮಕ್ಕಳದ್ದೂ ಅಲ್ಲ, ಬಸ್ಸಿನದ್ದೂ ಅಲ್ಲ, ನಾವು ಹೊರಡುವ ಹೊತ್ತಿನದ್ದು ಎಂಬುದು ಸ್ಪಷ್ಟವಾಯಿತು. ಮೂರನೇ ದಿನದಿಂದ ಬೆಳಿಗ್ಗೆ ಒಂಬತ್ತೂವರೆಗೆ ಮೊದಲು ಹೊರಡಲಿಲ್ಲ, ಸಂಜೆ ನಾಲ್ಕೂವರೆಯ ನಂತರ ರೈಲು ಹತ್ತಲಿಲ್ಲ. ತಡವಾದರೆ ಅಲ್ಲಿಯೇ ಊಟ ಮುಗಿಸಿ ಏಳೂವರೆಗೆ ಹೊರಟೆವು. ದಾರಿಯನ್ನೂ ತುಂಡು ಮಾಡಿದೆವು. ಬಸ್ಸಿನಿಂದ ರೈಲಿಗೋ ಬೇರೆ ನಂಬರಿನ ಬಸ್ಸಿಗೋ 45 ನಿಮಿಷದೊಳಗೆ ಬದಲಿಸಿದರೆ ಅದನ್ನು ಒಂದೇ ಪ್ರಯಾಣವೆಂದು ದೂರದ ಮೇಲೆ ಲೆಕ್ಕ ಹಾಕುತ್ತಾರೆ. ಹಾಗಾಗಿ ಮಗ ಶೌಚಕ್ಕೆಂದು ಹಟ ಹಿಡಿದಾಗ ಇಳಿದು, ಸಾಲು ಊಟದಂಗಡಿಗಳಿರುವ ಹಾಕರ್ ಸೆಂಟರಿನಲ್ಲಿ ಕೆಲಸ ಮುಗಿಸಿ, ಮುಂದಿನ ಬೇರೆ ಬಸ್ಸು ಹಿಡಿದರೆ ಹೊಸದಾಗಿ ಕನಿಷ್ಠ ದರ ಬೀಳುವುದಿಲ್ಲ. ಅದೇ ನಂಬರಿನ ಬಸ್ಸನ್ನು ಮತ್ತೆ ಹತ್ತಿದರೆ ಮಾತ್ರ ಹೊಸ ಪ್ರಯಾಣ. ಇದನ್ನೂ ಒಮ್ಮೆ ದುಡ್ಡು ಕೊಟ್ಟೇ ಕಲಿತೆವು.

ಮಗಳನ್ನು ಕಂಡಕ್ಟರ್ ಮಾಡಿದ್ದು ನನ್ನದೇ ಉಪಾಯ, ಈ ಬಗ್ಗೆ ಸ್ವಲ್ಪ ಹೆಮ್ಮೆಯೂ ಇದೆ. ಬಸ್ಸು ಬಂದಾಗ ಕೈ ಅಡ್ಡ ಮಾಡುವುದು, ನಿಲ್ದಾಣ ಎಣಿಸುವುದು, ಇಳಿಯುವಾಗ "ಕಾರ್ಡು ತಟ್ಟಿ" ಎಂದು ನಮ್ಮಿಬ್ಬರಿಗೂ ಕೂಗಿ ಹೇಳುವುದು ಅವಳ ಕೆಲಸ. ಆಮೇಲೆ ನಾಲ್ಕು ದಿನ ಒಂದು ಸೆಂಟೂ ದಂಡವಾಗಲಿಲ್ಲ. ಬಾಗಿಲು ಮುಚ್ಚಿ ಬೇರೆಯಾದರೆ ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಅಲ್ಲೇ ನಿಲ್ಲಬೇಕೆಂದು ಊರಿನಲ್ಲಿಯೇ, ಕುಮಟೆಯಿಂದ ಅಂಕೋಲೆಗೆ ರೈಲಿನಲ್ಲಿ ಹೋಗುವಾಗ ಕಲಿಸಿದ್ದೆ. "ಮಿರ್ಜಾನಿನಲ್ಲಿ ಇಳಿದರೆ ಮುಂದಿನ ರೈಲು ನಾಳೆಯೇ ಅಲ್ಲವಾ ಆಯಿ?" ಎಂದು ಅವಳು ಕೇಳಿದ್ದಳು. ಎಂಆರ್‌ಟಿಯಲ್ಲಿ ಮೂರ್ನಾಲ್ಕು ನಿಮಿಷಕ್ಕೊಂದು ರೈಲು ಬರುವುದನ್ನು ನೋಡಿದ ಮೇಲೆಯೇ ಅವಳಿಗೆ ಧೈರ್ಯ ಬಂದದ್ದು.

ವಾಂತಿಯ ಭಯ ಹುಸಿಯಾಯಿತು, ಅಲ್ಲಿ ಘಟ್ಟವೇ ಇಲ್ಲ. ಆದರೆ ಡಬಲ್ ಡೆಕ್ಕರಿನ ಮೇಲಂತಸ್ತಿನ ಮುಂದಿನ ಸೀಟಿನಲ್ಲಿ ಕೂರಿಸಿ ನೋಡುವ ಪ್ರಯೋಗವೂ ನಡೆಯಿತು. ಇಪ್ಪತ್ತು ನಿಮಿಷ ಅವನು ತುಟಿ ಪಿಟಕ್ಕೆನ್ನದೆ ಕುಳಿತಿದ್ದ. ಇಳಿಯುವಾಗ ಬಸ್ಸು ಚಲಿಸುತ್ತಿರುವಾಗಲೇ ಮೆಟ್ಟಿಲಿಳಿಯಬೇಕಾದ ಕಷ್ಟ ನೋಡಿ ಮರುದಿನದಿಂದ ಕೆಳಗೇ ಕುಳಿತೆವು. ತಳ್ಳುಗಾಡಿಯನ್ನು ಮಡಚದೆಯೇ ಬಸ್ಸಿಗೆ ಏರಿಸಬಹುದು, ಗಾಲಿಕುರ್ಚಿಯ ಜಾಗದಲ್ಲಿ ಬ್ರೇಕ್ ಹಾಕಿ ನಿಲ್ಲಿಸಿದರಾಯಿತು. ಎಂಆರ್‌ಟಿಯಲ್ಲಿ ತಿನ್ನುವುದಕ್ಕೆ 500 ಡಾಲರಿನವರೆಗೆ ದಂಡವಿದೆ. ಮಗ ಚೀಲದಿಂದ ತೊಡದೇವು ತೆಗೆದು ಕಚ್ಚಿದ ದಿನ ಎದುರಿನ ಅಜ್ಜಿಯೊಬ್ಬರು ಗೋಡೆಯ ಫಲಕವನ್ನು ಬೆರಳು ಮಾಡಿ ತೋರಿಸಿದರು. ಉಳಿದರ್ಧವನ್ನು ನಾನು ಕೈಯಲ್ಲಿ ಮುಚ್ಚಿ ಹಿಡಿದುಕೊಂಡೇ ಮುಂದಿನ ಸ್ಟೇಷನ್ನಿನವರೆಗೆ ಹೋದೆ. ಅಂದಿನಿಂದ ರೈಲಿನಲ್ಲಿ ಅವನನ್ನು ಸುಮ್ಮನಿರಿಸಿದ್ದು ಹೇಗೆಂದು ಇಲ್ಲಿ ಬರೆಯುವುದಿಲ್ಲ, ಅದು ಮನೆಯ ಗುಟ್ಟು.

ಐದನೇ ದಿನ ತನಾ ಮೆರಾದಿಂದ 2ನೇ ನಂಬರಿನ ಬಸ್ಸಿನಲ್ಲಿ ಚಾಂಗಿ ವಿಲೇಜಿಗೆ ಹೋಗಿ, ಅಲ್ಲಿಂದ ಪುಲಾವ್ ಉಬಿನ್ ದ್ವೀಪಕ್ಕೆ ಮರದ ದೋಣಿ ಹತ್ತಿದೆವು. ತಲೆಗೆ ನಾಲ್ಕು ಡಾಲರಿನಂತೆ ನಗದು ಕೊಟ್ಟ ನೆನಪು. ಹನ್ನೆರಡು ಜನ ಸೇರುವ ತನಕ ದೋಣಿ ಬಿಡುವುದಿಲ್ಲ. ಕಾಯಲು ಮನಸ್ಸಿಲ್ಲದವರು ಉಳಿದ ತಲೆಗಳ ದುಡ್ಡನ್ನೂ ತೆತ್ತು ಹೋಗಬಹುದು. ಪಕ್ಕದಲ್ಲಿ ಕುಳಿತಿದ್ದ ಯುರೋಪಿನ ದಂಪತಿ ಗಡಿಯಾರ ನೋಡಿಕೊಳ್ಳುತ್ತಿದ್ದರು. ತದಡಿಯಲ್ಲಿ ಅಘನಾಶಿನಿ ಹೊಳೆ ದಾಟಿಸುವ ತಾರಿ ದೋಣಿಗೆ ಕಾದು ಬೆಳೆದ ನನ್ನ ಮಕ್ಕಳು ಅರ್ಧ ಗಂಟೆಯನ್ನು ಕಲ್ಲು ಎಸೆಯುತ್ತ ಕಳೆದರು, ಹನ್ನೆರಡನೆಯವನು ಬಂದಾಗ ಎಲ್ಲರಿಗಿಂತ ಮೊದಲು ಎದ್ದು ನಿಂತರು.

ಊರಿಗೆ ಮರಳಿದ ಮೇಲೆ ಭಾವನಿಗೆ ಲೆಕ್ಕದ ಚೀಟಿ ತೋರಿಸಿದೆ. ಅವರು ಹದಿನಾಲ್ಕು ಡಾಲರಿನ ಸಾಲಿನ ಮೇಲೆ ಬೆರಳಿಟ್ಟು, ತಾರೀಕು ಯಾವುದೆಂದು ಕೇಳಿದರು.