ಐಸಿಯು ಸಿಂಕ್ ತೆಗೆಸಿದ ಮೇಲೆ ಕ್ಲೆಬ್ಸಿಯೆಲ್ಲಾ ನಿಂತಿತು

ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಇನ್‌ಫೆಕ್ಷನ್ ಕಂಟ್ರೋಲ್ ನರ್ಸ್. ಹತ್ತು ಬೆಡ್‌ನ ಐಸಿಯು. ಹೋದ ವರ್ಷ ಮಳೆಗಾಲದಲ್ಲಿ ಏಳೋ ಎಂಟೋ ಪೇಷಂಟ್‌ಗಳ ಕಲ್ಚರ್‌ನಲ್ಲಿ (ಸ್ಯಾಂಪಲ್‌ನಲ್ಲಿರುವ ರೋಗಾಣು ಬೆಳೆಸಿ ನೋಡುವ ಟೆಸ್ಟ್) ಒಂದೇ ಥರದ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಬಂತು. ಮೆರೊಪೆನೆಮ್ ಎಂಬ ಪ್ರಬಲ ಆಂಟಿಬಯೋಟಿಕ್‌ಗೂ ಬಗ್ಗಲಿಲ್ಲ, ಕೊನೆಯ ಅಸ್ತ್ರ ಕೊಲಿಸ್ಟಿನ್ ಹಾಕಬೇಕಾಯಿತು, ಅದು ಕಿಡ್ನಿಗೆ ಹೊಡೆತ. ರೋಣದ ಕಡೆಯ ಒಬ್ಬ ರೈತರ ಮಗ ಔಷಧದ ಚೀಟಿ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದು ಈಗಲೂ ಕಣ್ಮುಂದೆ ಇದೆ.

ಮೊದಲು ಫಾಗಿಂಗ್ (ರೂಮಿಗೆಲ್ಲ ಕ್ರಿಮಿನಾಶಕದ ಮಂಜು ಬಿಡುವುದು) ಮಾಡಿಸಿದೆವು. ಸುಮಾರು 40 ಸಾವಿರ ಹೋಯಿತು. ಎರಡು ವಾರ ಸುಮ್ಮನಿದ್ದು ಮತ್ತೆ ಬಂತು. ಆಮೇಲೆ ನೀರಿನ ಮೇಲೆ ಅನುಮಾನ. ನಮ್ಮೂರಲ್ಲಿ ನಲ್ಲಿ ನೀರು ದಿನಾ ಬರಲ್ಲ ಅಲ್ವಾ, ಟ್ಯಾಂಕ್‌ನಲ್ಲೇ ನಿಂತಿರುತ್ತದೆ. ಅದರ ಕಲ್ಚರ್ ಮಾಡಿಸಿದರೆ ಏನೂ ಬೆಳೆಯಲಿಲ್ಲ.

ಕೇಸುಗಳು ಜಾಸ್ತಿ 3, 4, 5ನೇ ಬೆಡ್‌ನವು. ನಡುವೆ ಒಂದು ಸಿಂಕ್. ಒಂದು ಸಂಜೆ ಸುಮ್ನೆ ನಿಂತು ನೋಡಿದೆ. ಉಳಿದ ಡೆಕ್ಸ್‌ಟ್ರೋಸ್ (ಗ್ಲೂಕೋಸ್ ಡ್ರಿಪ್), ಕಫ ಎಳೆದ ಸಕ್ಷನ್ ನೀರು, ಚಹಾ ಎಲ್ಲ ಅದರಲ್ಲೇ ಸುರಿಯುತ್ತಿದ್ದರು. ನಲ್ಲಿ ಬಿಟ್ಟರೆ ನೀರು ನೇರ ತೂತಿನ ಮೇಲೆ ಬಿದ್ದು, ಪಕ್ಕದ ಟ್ರಾಲಿಯಲ್ಲಿ ತುಂಬಿಟ್ಟ ಸಿರಿಂಜ್‌ಗಳವರೆಗೂ ಹನಿ ಹಾರುತ್ತಿತ್ತು. ತೂತಿನೊಳಗೆ ಸ್ವಾಬ್ ಹಾಕಿದೆ. ಮರುದಿನ ಮ್ಯಾಕ್‌ಕಾಂಕಿ ಪ್ಲೇಟ್‌ನಲ್ಲಿ (ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆ) ಕ್ಲೆಬ್ಸಿಯೆಲ್ಲಾದ ಥರದ್ದೇ ಗುಲಾಬಿ ಬಣ್ಣದ ಲೋಳೆ ಲೋಳೆ ಕಾಲೊನಿ, ಮೆರೊಪೆನೆಮ್ ಡಿಸ್ಕ್‌ಗೆ ಅಂಟಿಕೊಂಡೇ ಬೆಳೆದಿತ್ತು, ಅಂದರೆ ಇದೂ ಆ ಔಷಧಕ್ಕೆ ಬಗ್ಗದ್ದೇ.

"ಸಿಂಕ್ ಎಲ್ಲಾ ಕಡೆ ಇರ್ತೈತ್ರಿ ಸಿಸ್ಟರ್, ಅದನ್ಯಾಕ ಹಿಡಕೊಂಡೀರಿ?" ಎಂದರು ಒಬ್ಬ ಡಾಕ್ಟರು. ಹೈಪೋಕ್ಲೋರೈಟ್ (ಬ್ಲೀಚ್) ಸುರಿದೆ, ವಾರಕ್ಕೆ ವಾಪಸ್. ಎರಡೂವರೆ ಸಾವಿರ ಕೊಟ್ಟು ಟ್ರ್ಯಾಪ್ (ಸಿಂಕ್ ಕೆಳಗಿನ ಬಾಗಿದ ಪೈಪ್) ಬದಲಿಸಿದೆ, ತಿಂಗಳಿಗೆ ವಾಪಸ್. ಕೊನೆಗೆ ಮ್ಯಾನೇಜ್‌ಮೆಂಟ್ ಜೊತೆ ಜಗಳಾಡಿಯೇ ಸಿಂಕ್ ಕಿತ್ತು ಹಾಕಿಸಿದೆ. ಬಾಗಿಲ ಹೊರಗೆ ಹೊಸದು, ನಲ್ಲಿ ನೀರು ತೂತಿನ ಮೇಲೆ ಬೀಳದ ಹಾಗೆ. ಹೊಲಸು ನೀರೆಲ್ಲ ಸ್ಲೂಯಿಸ್ ರೂಮಿಗೆ (ಹೊಲಸು ಚೆಲ್ಲುವ ಬೇರೆ ಕೋಣೆ). ಪ್ರತಿ ಬೆಡ್‌ಗೂ ಹ್ಯಾಂಡ್ ರಬ್ (ಸ್ಯಾನಿಟೈಸರ್).

ಹ್ಯಾಂಡ್ ರಬ್ ನಾವೇ ಮಾಡಿದೆವು, ಡಬ್ಲ್ಯೂಎಚ್‌ಒ ಅಳತೆಯಲ್ಲೇ: 10 ಲೀಟರಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಏಳೂವರೆ ಲೀಟರ್, 3% ಪೆರಾಕ್ಸೈಡ್ 417 ಮಿಲಿ, ಗ್ಲಿಸರಿನ್ 145 ಮಿಲಿ, ಉಳಿದದ್ದು ಕಾಯಿಸಿ ಆರಿಸಿದ ನೀರು. ಚಳಿಗಾಲದಲ್ಲಿ ಆಯಾಗಳ ಕೈ ಬಿರಿಯುತ್ತದೆಂದು ಗ್ಲಿಸರಿನ್ ಜಾಸ್ತಿ ಹಾಕಿ ನೋಡಿದೆ. ಅಂಟು ಅಂಟಾಯಿತು, ಯಾರೂ ಮುಟ್ಟಲಿಲ್ಲ. ಮತ್ತೆ 145ಕ್ಕೇ ಬಂದೆ. ಹ್ಯಾಂಡ್ ರಬ್ ಖರ್ಚು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ರೌಂಡ್ಸ್‌ಗೆ ಬರುವ ದೊಡ್ಡ ಡಾಕ್ಟರುಗಳೂ ಈಗ ಮರೆಯದೆ ಕೈಗೆ ಹಚ್ಚಿಕೊಳ್ಳುತ್ತಾರೆ. ಅದಕ್ಕೆ ಮಾಡಿದ ಉಪಾಯ ಮಾತ್ರ ಇಲ್ಲಿ ಬರೆಯಲ್ಲ.

ಆರು ತಿಂಗಳಲ್ಲಿ ಎರಡೇ ಕೇಸ್. ಎರಡೂ ಬೇರೆ ಕಡೆಯಿಂದ ಬಂದವು, ಅಡ್ಮಿಶನ್ ದಿನದ ಸ್ವಾಬ್‌ನಲ್ಲೇ ಸಿಕ್ಕಿದವು. ಪಕ್ಕದ ಬೆಡ್‌ಗೆ ಹರಡಲಿಲ್ಲ. ಆಗ ಬೇಡ ಎಂದಿದ್ದ ಡಾಕ್ಟರೇ ಮೊನ್ನೆ ಡಯಾಲಿಸಿಸ್ ರೂಮಿನ ಸಿಂಕ್‌ಗೂ ಸ್ವಾಬ್ ಹಾಕಿ ಎಂದರು. ಸೋಮವಾರ ಹಾಕುತ್ತೇನೆ.